ಅತ್ತರೆ ಕಾಯಿಲೆ ತಿರುಗಿ ಬರೋದಿಲ್ಲ

ಇವತ್ತು ಬೆಳಗ್ಗೆ ತುಮಕೂರಿನಿಂದ ಬೆಂಗಳೂರಿಗೆ ಹೋಗೋ ರೈಲಲ್ಲಿ ಕಿವಿಗೆ ಬಿದ್ದ ಒಂದು ಮಾತು ರಾತ್ರಿಯಾದರೂ ತಲೆಯಿಂದ ಹೋಗ್ತಿಲ್ಲ. ಸಿಟ್ಟೂ ಇಳೀತಿಲ್ಲ. ಅದಕ್ಕೇ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನನ್ನ ಆರು ತಿಂಗಳ ಚೆಕಪ್ ಇತ್ತು. ಸ್ತನ ಕ್ಯಾನ್ಸರಿನ ಟ್ರೀಟ್‌ಮೆಂಟ್ ಮುಗಿದು ಮೂರೂವರೆ ವರ್ಷ ಆಯ್ತು. ಕ್ಯಾತ್ಸಂದ್ರ ದಾಟಿದ ಮೇಲೆ ಮಂಜು ಸ್ವಲ್ಪ ತಿಳಿಯಾಗಿ ಎದುರು ಸೀಟಿನವರ ಮುಖ ಸರಿಯಾಗಿ ಕಾಣಿಸ್ತು. ಇನ್ನೂ ಮೂವತ್ತು ದಾಟಿರದ ಹುಡುಗಿ. ತಲೆಗೆ ಹತ್ತಿ ಬಟ್ಟೆಯ ಸ್ಕಾರ್ಫು. ಹುಬ್ಬು ಇರಬೇಕಾದ ಕಡೆ ಪೆನ್ಸಿಲ್ಲಿನಲ್ಲಿ ತೀಡಿದ ಎರಡು ಗೆರೆ, ಎಡಗಡೆಯದು ಒಂಚೂರು ಮೇಲೆ. ತೊಡೆ ಮೇಲೆ ಸೀರೆ ಅಂಗಡಿಯ ಕವರು, ಅದರ ತುಂಬ ರಿಪೋರ್ಟು. ಪಕ್ಕದಲ್ಲಿ ಅವಳ ಚಿಕ್ಕಮ್ಮ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟಿದ್ರು. ನಮ್ಮ ಜಿಲ್ಲೆಯವರಿಗೆ ಇದು ಹೊಸ ದಾರಿಯೇನಲ್ಲ. 1973ರಲ್ಲಿ ಆ ಆಸ್ಪತ್ರೆ ಶುರುವಾದಾಗಿನಿಂದ ಎಷ್ಟು ಮನೆಯವರು ಹೀಗೆ ಕವರು ಹಿಡಿದುಕೊಂಡು ಮೆಜೆಸ್ಟಿಕ್ಕಲ್ಲಿ ಇಳಿದಿದ್ದಾರೋ.

ಹಿರೇಹಳ್ಳಿ ಹತ್ತಿರ ಆ ಹುಡುಗಿ ಅಳೋಕೆ ಶುರು ಮಾಡಿದ್ಲು. ಸದ್ದಿಲ್ಲ, ಕಣ್ಣಿಂದ ನೀರು ಮಾತ್ರ. ಚಿಕ್ಕಮ್ಮ ಅವಳ ಮೊಣಕೈ ಹಿಡಿದು ಅಲ್ಲಾಡಿಸಿ ಹೇಳಿದ್ದು ಇಷ್ಟು: "ಅಳ್ಬೇಡ ಕಣೇ. ಅತ್ರೆ ಕಾಯಿಲೆಗೆ ಬಲ ಬರುತ್ತೆ. ನಾಳೆ ವಾಸಿಯಾದ್ರೂ ತಿರುಗಿ ಬರುತ್ತೆ." ಕಿಟಕಿ ಪಕ್ಕದಲ್ಲಿದ್ದ ಹಿರಿಯರೊಬ್ಬರು, ಅವರಿಗೂ ಇವರಿಗೂ ಪರಿಚಯವೇ ಇಲ್ಲ, "ಪಾಸಿಟಿವ್ ಆಗಿರ್ಬೇಕಮ್ಮ, ಮನಸ್ಸೇ ಅರ್ಧ ಔಷಧಿ" ಅಂದ್ರು. ಹುಡುಗಿ ಸ್ಕಾರ್ಫಿನ ತುದಿ ಬಾಯಿಗೆ ತುರುಕಿಕೊಂಡು ಅಳು ನುಂಗಿದ್ಲು.

ನನಗೆ ಎದ್ದು ಕೂಗಬೇಕು ಅನ್ನಿಸ್ತು.

ಯಾಕೆ ಅಂದ್ರೆ ಈ ಮಾತನ್ನ ನನಗೂ ಹೇಳಿದ್ರು. ಒಬ್ಬರಲ್ಲ. ಮೂಸಂಬಿ, ದಾಳಿಂಬೆ ಹಿಡಿದುಕೊಂಡು ನೋಡೋಕೆ ಬಂದವರಲ್ಲಿ ಹತ್ತಕ್ಕೆ ಎಂಟು ಜನ ಹೇಳಿದ್ರು. ನಾನು ನಂಬಿದೆ. ಅಡುಗೆಮನೆ ಬಾಗಿಲ ಹಿಂದೆ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲಿ ನಾನು ಅತ್ತ ದಿನಕ್ಕೆ ಹಾಲಿನ ಗುರುತಿನ ಪಕ್ಕ ಒಂದು ಚುಕ್ಕಿ ಇಡ್ತಿದ್ದೆ. ಒಂದು ತಿಂಗಳಲ್ಲಿ 19 ಚುಕ್ಕಿ ಆದವು. ಆ ಹಾಳೆ ತಿರುವುವಾಗ ಕೈ ನಡುಗಿತ್ತು. ಹತ್ತೊಂಬತ್ತು ಸಲ ನಾನೇ ಕಾಯಿಲೆಗೆ ತುತ್ತು ತಿನ್ನಿಸಿದೆ ಅಂತ. ಮಗಳು "ಅಮ್ಮ, ಈ ಚುಕ್ಕಿ ಏನು" ಅಂದಾಗ ಮೊಸರಿನ ಲೆಕ್ಕ ಅಂದೆ. ಇದನ್ನ ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ನಮ್ಮೆಜಮಾನ್ರಿಗೂ ಇಲ್ಲೇ ಓದಿ ಗೊತ್ತಾಗಬೇಕು.

ಕೀಮೋ ಅಂದ್ರೆ ಏನು ಅಂತ ಒಂದು ಸಲ ಬಿಡಿಸಿ ಹೇಳ್ತೀನಿ, ಆಗ ನನ್ನ ಸಿಟ್ಟು ಅರ್ಥವಾಗುತ್ತೆ. ನನಗೆ ಮೊದಲು ನಾಲ್ಕು ಸಲ ಕೆಂಪು ಔಷಧಿ ಹಾಕಿದ್ರು, 21 ದಿನಕ್ಕೊಂದು. ಡಾಕ್ಸೊರುಬಿಸಿನ್ ಅದರ ಹೆಸರು. ರೂಹ್ ಅಫ್ಜಾ ಥರದ ಬಣ್ಣ, ಆ ದಿನ ಮೂತ್ರವೂ ಕೆಂಪು. ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್, ವಾರಕ್ಕೊಂದರಂತೆ 12. ಬೇಗ ಬೇಗ ಒಡೆದು ಬೆಳೆಯೋ ಜೀವಕೋಶಗಳ ಮೇಲೆ ಈ ಔಷಧಿಗಳ ಕಣ್ಣು. ಕ್ಯಾನ್ಸರ್ ಕೋಶ ಹಾಗೆ ಬೆಳೆಯುತ್ತೆ, ಕೂದಲ ಬುಡವೂ ಹಾಗೇ, ಬಾಯೊಳಗಿನ ಪದರ, ಮೂಳೆಯೊಳಗಿನ ರಕ್ತ ಹುಟ್ಟೋ ಮಜ್ಜೆಯೂ ಹಾಗೇ. ಅದಕ್ಕೇ ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಕೂದಲು ಉದುರುತ್ತೆ, ಬಾಯಿ ಹುಣ್ಣಾಗುತ್ತೆ, ಬಿಳಿ ರಕ್ತಕಣ ಇಳಿಯುತ್ತೆ. ಒಗ್ಗರಣೆ ವಾಸನೆಗೆ ನಾನು ಮನೆಯಿಂದ ಹೊರಗೆ ಓಡ್ತಿದ್ದೆ. ನೀರು ಕುಡಿದರೆ ಕಬ್ಬಿಣ ನೆಕ್ಕಿದ ಹಾಗೆ. ಉಪ್ಪು ಹಾಕಿದ ರಾಗಿ ಗಂಜಿ ಒಂದೇ ಗಂಟಲಲ್ಲಿ ಇಳೀತಿತ್ತು.

ಹನ್ನೆರಡರಲ್ಲಿ ಎಂಟನೇದು ಆಗೋ ಹೊತ್ತಿಗೆ ಬೆರಳ ತುದಿ ಸತ್ತಂತಾಗಿತ್ತು. ನರಗಳ ಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಹೀಗೆ ಮಾಡುತ್ತೆ. ಒಂದು ಶುಕ್ರವಾರ ಹಟ ಹಿಡಿದು ಬಾಗಿಲಿಗೆ ರಂಗೋಲಿ ಬಿಡೋಕೆ ಕೂತೆ. ಹೆಬ್ಬೆರಳು, ತೋರುಬೆರಳ ನಡುವೆ ಪುಡಿ ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ. ಬೀಳ್ತಿದೆ ಅಂದುಕೊಂಡು ಕೈ ಎಳೆದರೆ ನೆಲದಲ್ಲಿ ಏನೂ ಇಲ್ಲ. ಇಲ್ಲ ಅಂದುಕೊಂಡರೆ ಒಂದೇ ಕಡೆ ಗುಪ್ಪೆ. ಹದಿನೈದು ಚುಕ್ಕಿ ಇಡ್ತಿದ್ದವಳಿಗೆ ಐದು ಚುಕ್ಕಿ ಇಡೋಕೆ ಆಗಲಿಲ್ಲ. ಅಲ್ಲೇ ಹೊಸಿಲ ಮೇಲೆ ಕೂತು ಅತ್ತೆ. ಒಳಗೆ ಹೋಗಿ ಕ್ಯಾಲೆಂಡರಿಗೆ ಚುಕ್ಕಿ ಇಟ್ಟೆ. ಅದೂ ಓರೆಯಾಗಿ ಬಿತ್ತು.

ಇಷ್ಟೆಲ್ಲ ಮೈಮೇಲೆ ಬಿದ್ದವಳಿಗೆ ಅಳಬೇಡ ಅನ್ನೋದಲ್ಲದೆ, ಅತ್ತರೆ ತಪ್ಪು ನಿನ್ನದೇ ಅನ್ನೋದು ಯಾವ ನ್ಯಾಯ? ರೋಗಿ ಅತ್ತ ದಿನ ಔಷಧಿ ರಕ್ತನಾಳದಲ್ಲಿ ಕೆಲಸ ನಿಲ್ಲಿಸಿ ಕೂರೋದಿಲ್ಲ. ಕಣ್ಣೀರು ಕುಡಿದು ಬೆಳೆಯೋ ಗಂಟು ಯಾವುದೂ ಇಲ್ಲ.

ಹಾಗಾದ್ರೆ ತಿರುಗಿ ಬರೋದು ಯಾಕೆ? ಆಪರೇಷನ್, ಕೀಮೋ, ಕರೆಂಟು (ರೇಡಿಯೇಷನ್) ಎಲ್ಲ ಆದ ಮೇಲೂ ಯಾವ ಸ್ಕ್ಯಾನಿಗೂ ಕಾಣದಷ್ಟು ಸಣ್ಣ ಕೋಶಗಳು ಮೈಯಲ್ಲಿ ಎಲ್ಲೋ ಉಳಿದು, ವರ್ಷಗಟ್ಟಲೆ ನಿದ್ದೆ ಮಾಡ್ತಾ ಇರಬಹುದು. ಗಂಟು ಎಷ್ಟು ದೊಡ್ಡದಿತ್ತು, ಕಂಕುಳ ಗ್ರಂಥಿಗೆ ಹೋಗಿತ್ತಾ, ಯಾವ ಜಾತಿಯದ್ದು ಅನ್ನೋದರ ಮೇಲೆ ಅಪಾಯ ನಿಂತಿದೆ. ಟ್ರಿಪಲ್ ನೆಗೆಟಿವ್ ಅನ್ನೋ, ಹಾರ್ಮೋನ್ ಮಾತ್ರೆಗೆ ಬಗ್ಗದ ಜಾತಿಯದ್ದಾದರೆ ಮೊದಲ ಮೂರು ವರ್ಷ ಹೆಚ್ಚು ಭಯ, ಐದು ದಾಟಿದರೆ ತುಂಬ ಕಮ್ಮಿ. ನನ್ನದು ಹಾರ್ಮೋನ್ ಪಾಸಿಟಿವ್, ಅಂದ್ರೆ ಮೈಯ ಹಾರ್ಮೋನಿನಿಂದ ಬೆಳೆಯೋದು. ಇದು ಒಟ್ಟಿನಲ್ಲಿ ಸಾಧು, ಆದರೆ ಇದರ ನೆರಳು ಉದ್ದ. 10 ವರ್ಷ, 20 ವರ್ಷ ಆದ ಮೇಲೂ ಬರಬಹುದು. ಅದಕ್ಕೇ ದಿನಾ ರಾತ್ರಿ ಆ ಹಾರ್ಮೋನನ್ನ ತಡೆಯೋ 20 ಮಿಲಿಗ್ರಾಂ ಟ್ಯಾಮಾಕ್ಸಿಫೆನ್ ಮಾತ್ರೆ ನುಂಗ್ತೀನಿ. ಕಮ್ಮಿ ಅಂದ್ರೂ ಐದು ವರ್ಷ, ಹತ್ತಾದರೂ ಆಗಬಹುದು. ನಡುರಾತ್ರಿ ಮೈಯೆಲ್ಲ ಕಾದ ಹೆಂಚಿನ ಹಾಗೆ ಬಿಸಿಯಾಗಿ ಎದ್ದು ಕೂರ್ತೀನಿ, ಈ ಡಿಸೆಂಬರ್ ಚಳಿಯಲ್ಲೂ ಫ್ಯಾನ್ ಹಾಕಿಸ್ತೀನಿ. ಆದರೂ ಒಂದು ದಿನ ತಪ್ಪಿಸಿಲ್ಲ. "ಎಲ್ಲ ಮುಗೀತಲ್ಲ, ಮರೆತುಬಿಡು" ಅನ್ನೋರಿಗೆ ನನ್ನ ಕೇಳಿಕೆ ಇಷ್ಟೇ. ದಿನಾ ರಾತ್ರಿ ಮಾತ್ರೆ ನುಂಗೋವಾಗ ಯಾವುದನ್ನ ಮರೀಲಿ?

"ಧೈರ್ಯ ಹೇಳೋದು ತಪ್ಪಾ, ಪ್ರೀತಿಯಿಂದ ತಾನೇ ಹೇಳ್ತಾರೆ" ಅಂತ ನೀವು ಕೇಳ್ತೀರಿ. ಪ್ರೀತಿ ಇದೆ, ಇಲ್ಲ ಅನ್ನಲ್ಲ. ಆ ಚಿಕ್ಕಮ್ಮ ನಾಲ್ಕು ಗಂಟೆಗೆ ಎದ್ದು ಮೊಸರನ್ನ ಕಲಸಿ, ಬಿಸಿನೀರಿನ ಫ್ಲಾಸ್ಕು ತುಂಬಿಸಿಕೊಂಡು ಬಂದಿದ್ರು. ಮನಸ್ಸು ನೆಟ್ಟಗಿದ್ರೆ ನಿದ್ದೆ ಬರುತ್ತೆ, ಎರಡು ತುತ್ತು ಹೆಚ್ಚು ಸೇರುತ್ತೆ, ಅದೂ ನಿಜ. ಆದರೆ "ಹೆದರಬೇಡ" ಅನ್ನೋದು ಬೇರೆ, "ನೀನು ಹೆದರಿದ್ದಕ್ಕೇ ಬರುತ್ತೆ" ಅನ್ನೋದು ಬೇರೆ. ಎರಡನೇದು ಧೈರ್ಯ ಅಲ್ಲ, ಆರೋಪ. ಭಯವನ್ನೇ ತಪ್ಪು ಅಂದ್ರೆ ಹೆಂಗಸು ಏನು ಮಾಡ್ತಾಳೆ ಗೊತ್ತಾ? ಬಚ್ಚಿಡ್ತಾಳೆ. ಭಯದ ಜೊತೆಗೆ ನೋವನ್ನೂ ಬಚ್ಚಿಡ್ತಾಳೆ.

ನಾನು ಬಚ್ಚಿಟ್ಟಿದ್ದೆ. ಹೋದ ವರ್ಷ ದೀಪಾವಳಿಗೆ ಅಟ್ಟದಿಂದ ಹಿತ್ತಾಳೆ ಹಂಡೆ ಇಳಿಸಿದ ಮೇಲೆ ಸೊಂಟ ಹಿಡೀತು. ಎರಡು ದಿನಕ್ಕೆ ಬಿಡುತ್ತೆ ಅಂದುಕೊಂಡೆ, ಬಿಡಲಿಲ್ಲ. ನನ್ನ ಥರದ ಕ್ಯಾನ್ಸರ್ ತಿರುಗಿ ಬಂದ್ರೆ ಹೆಚ್ಚಾಗಿ ಮೂಳೆಗೇ ಬರೋದು ಅಂತ ನನಗೆ ಗೊತ್ತು. ಹೊಸ ನೋವು ಎರಡು ವಾರಕ್ಕಿಂತ ಹೆಚ್ಚು ಇದ್ರೆ ಹೇಳಿ ಅಂತ ಡಾಕ್ಟ್ರು ಬಿಡಿಸಿ ಹೇಳಿದ್ರು. ಹಾಗಿದ್ರೂ ಐದು ವಾರ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ "ಮತ್ತೆ ಶುರು ಮಾಡಿದ್ಲು, ನೆಗೆಟಿವ್ ಯೋಚನೆ" ಅಂತಾರಲ್ಲ. ಕಡೆಗೆ ಬೋನ್ ಸ್ಕ್ಯಾನ್ ಆಯ್ತು. ಕೈಗೆ ಇಂಜೆಕ್ಷನ್ ಕೊಟ್ಟು ಮೂರು ಗಂಟೆ ನೀರು ಕುಡಿಸ್ತಾ ಕಾಯಿಸ್ತಾರೆ, ಆಮೇಲೆ ಮಷೀನಿನ ಕೆಳಗೆ ಅಲ್ಲಾಡದೆ ಮಲಗಬೇಕು. ಮೂಳೆಗೆ ಏನೂ ಆಗಿರಲಿಲ್ಲ, ಸ್ನಾಯು ಎಳೆದಿತ್ತು. ಆದರೆ ಆಗಿದ್ದಿದ್ರೆ? ಆ ಐದು ವಾರವನ್ನ ನನಗೆ ಯಾರು ವಾಪಸ್ ಕೊಡ್ತಿದ್ರು?

ರೈಲಿನ ಹುಡುಗಿಗೆ ನಾಡಿದ್ದು ಜ್ವರ ಬಂದ್ರೆ? ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದೊಳಗೆ ಬಿಳಿ ರಕ್ತಕಣ ತಳ ಹಿಡಿದಿರುತ್ತೆ. ಆಗ 100.4 ಡಿಗ್ರಿ ದಾಟಿದ ಜ್ವರ ಅಂದ್ರೆ ಕಷಾಯ ಕುಡಿದು ಮಲಗೋ ಜ್ವರ ಅಲ್ಲ, ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಓಡೋ ಜ್ವರ. ಅತ್ತಿದ್ದಕ್ಕೇ ಬೈಸಿಕೊಂಡವಳು ಮೈ ಬಿಸಿಯಾಗಿದೆ ಅಂತ ನಡುರಾತ್ರಿ ಯಾರನ್ನ ಎಬ್ಬಿಸ್ತಾಳೆ?

ಇನ್ನೊಂದು ವಿಷಯ ಹೇಳಬೇಕು, ಇದು ನಾಚಿಕೆಯದ್ದು. ನನ್ನ ಜೊತೆ ಕೀಮೋ ಹಾಕಿಸಿಕೊಳ್ತಿದ್ದ ಗುಬ್ಬಿ ಕಡೆಯ ಗೆಳತಿಯೊಬ್ಬಳು ಇದ್ದಾಳೆ. ವಾರ್ಡಲ್ಲೆಲ್ಲ ಗಟ್ಟಿ ಹೆಣ್ಣು ಅವಳೇ. ಒಂದು ದಿನ ಕಣ್ಣಲ್ಲಿ ನೀರು ಹಾಕಿದ್ದು ನೋಡಿಲ್ಲ. ನಮಗೆಲ್ಲ ನಿಪ್ಪಟ್ಟು ಮಾಡಿಕೊಂಡು ಬರೋಳು, ಅವಳಿಗೆ ಕಚ್ಚೋಕೆ ಆಗದೇ ಇದ್ರೂ. ಎರಡು ವರ್ಷಕ್ಕೆ ಅವಳಿಗೆ ತಿರುಗಿ ಬಂತು. ಫೋನ್ ಮಾಡಿ ಹೇಳಿದ ದಿನ ನಾನು ಏನೋ ನಾಲ್ಕು ಮಾತಾಡಿ ಇಟ್ಟೆ. ಆಮೇಲೆ ಎರಡು ತಿಂಗಳು ಅವಳ ಫೋನೇ ಎತ್ತಲಿಲ್ಲ. ಅವಳ ಹೆಸರು ಸ್ಕ್ರೀನ್ ಮೇಲೆ ಬಂದ್ರೆ ಫೋನನ್ನ ಬೋರಲು ಹಾಕಿ ಅಕ್ಕಿ ಡಬ್ಬದ ಪಕ್ಕ ಇಡ್ತಿದ್ದೆ. ಕ್ಯಾಲೆಂಡರಲ್ಲಿ ಚುಕ್ಕಿ ಇಡೋಷ್ಟು ಅತ್ತವಳು ನಾನು. ಅಳದವಳಿಗೆ ಬಂತು. ನಾನು ನಂಬಿದ್ದ ಲೆಕ್ಕವೆಲ್ಲ ತಲೆಕೆಳಗಾಗಿ, ಮುಂದೆ ಏನು ಹಿಡಿದುಕೊಳ್ಳಬೇಕು ಅಂತ ತಿಳೀದೆ ಅವಳನ್ನೇ ಬಿಟ್ಟುಬಿಟ್ಟಿದ್ದೆ.

ಕೊನೆಗೆ ನಾನೇ ಹೋದೆ. ಬಾಗಿಲಲ್ಲಿ ನಿಂತು "ಹೆದರಿಕೊಂಡಿದ್ದೆ ಕಣೆ" ಅಂದೆ. "ನಂಗೊತ್ತು, ಬಾ, ಕಾಫಿ ಕುಡಿ" ಅಂದ್ಲು. ಆ ದಿನ ಮೊದಲ ಸಲ ನನ್ನ ಮುಂದೆ ಅತ್ಲು. ಎಲ್ಲರೂ ಧೈರ್ಯವಂತೆ ಧೈರ್ಯವಂತೆ ಅಂತ ಹೇಳಿ ಹೇಳಿ, ಅಳೋಕೆ ಮನೆಯಲ್ಲಿ ಒಂದು ಮೂಲೆ ಇರಲಿಲ್ಲ ಅಂದ್ಲು. ಈಗ ಔಷಧಿ ನಡೀತಿದೆ, ಚೆನ್ನಾಗಿದ್ದಾಳೆ, ಹೊಲಕ್ಕೂ ಹೋಗಿಬರ್ತಾಳೆ. ನನ್ನ ಚೆಕಪ್ಪಿನ ಹಿಂದಿನ ದಿನ ಅವಳೇ ಫೋನ್ ಮಾಡಿ "ಎಷ್ಟು ಭಯ ಆಗ್ತಿದೆ ಹೇಳು" ಅಂತ ಕೇಳ್ತಾಳೆ. ಹೇಳ್ತೀನಿ. ಅಷ್ಟು ಹೇಳಿದರೆ ರಾತ್ರಿ ಮೂರು ಗಂಟೆ ಹೊತ್ತಾದರೂ ನಿದ್ದೆ ಬರುತ್ತೆ.

ಮನೆಯಲ್ಲೂ ಈಗ ಹಾಗೇ. ನಮ್ಮೆಜಮಾನ್ರು ಮೊದಲೆಲ್ಲ "ಏನೂ ಆಗಲ್ಲ ಬಿಡು" ಅಂತಿದ್ರು. ನಿನ್ನೆ ರಾತ್ರಿ ನೆನೆಸಿಟ್ಟ ಅವರೆಕಾಳಿನ ಪಾತ್ರೆ ತಂದು ನಡುವೆ ಇಟ್ಟುಕೊಂಡು ಕೂತ್ರು. ಇಬ್ಬರೂ ಹಿತುಕಿದ್ವಿ. ಹಿಂಡಿದರೆ ಬೇಳೆ ಟಪ್ ಅಂತ ಪಾತ್ರೆಗೆ, ಸಿಪ್ಪೆ ಬೆರಳಲ್ಲಿ. ನನ್ನ ಬೆರಳಿಗೆ ಮುಕ್ಕಾಲು ಪಾಲು ಸ್ಪರ್ಶ ವಾಪಸ್ ಬಂದಿದೆ, ಕಾಳಿನ ಜಾರಿಕೆ ಗೊತ್ತಾಗುತ್ತೆ. "ನಾಳೆ ಏನಾದ್ರೂ ಸಿಕ್ಕಿದ್ರೆ?" ಅಂದೆ. "ಸಿಕ್ಕಿದ್ರೆ ಮತ್ತೆ ಟ್ರೀಟ್‌ಮೆಂಟು ಮಾಡಿಸೋಣ" ಅಂದ್ರು. ಅರ್ಧ ಸೇರು ಕಾಳು ಮುಗಿಯೋವರೆಗೂ ಕೂತಿದ್ರು.

ರೈಲಿಗೆ ಬರ್ತೀನಿ. ಕೂಗಲಿಲ್ಲ. ಎದ್ದು ಹೋಗಿ ಹುಡುಗಿ ಪಕ್ಕ ಜಾಗ ಮಾಡಿಕೊಂಡು ಕೂತೆ. "ನನಗೂ ಆಗಿತ್ತು. ಇದೇ ಕೆಂಪು ಔಷಧಿ. ಎಷ್ಟನೇದು ನಿಂದು?" ಅಂದೆ. "ಇವತ್ತಿಗೆ ನಾಲ್ಕು" ಅಂದ್ಲು. ನನ್ನ ತಲೆಕೂದಲನ್ನೇ ನೋಡ್ತಿದ್ಲು. ಮುಟ್ಟಿ ನೋಡು ಅಂದೆ, ಮುಟ್ಟಿದ್ಲು. ಆಮೇಲೆ ಚಿಕ್ಕಮ್ಮನಿಗೆ ಕೇಳಿಸದ ಹಾಗೆ ಕೇಳಿದ್ಲು, "ಅಕ್ಕಾ, ಈಗ್ಲೂ ಭಯ ಆಗುತ್ತಾ?"

"ಆಗುತ್ತೆ. ನಾನೂ ತುಂಬ ಅತ್ತಿದ್ದೀನಿ. ಅತ್ತಿದ್ದಕ್ಕೆ ಏನೂ ಆಗಿಲ್ಲ" ಅಂದೆ. ಚಿಕ್ಕಮ್ಮನ ಕಡೆ ತಿರುಗಿ, "ಅಮ್ಮಾ, ಅಳಲಿ ಬಿಡಿ. ಅಳೋದ್ರಿಂದ ತಿರುಗಿ ಬರೋದಿಲ್ಲ, ಡಾಕ್ಟರನ್ನೇ ಕೇಳಿ. ಜ್ವರ ಬಂದ್ರೆ ಮಾತ್ರ ಒಂದು ನಿಮಿಷ ಕಾಯ್ಬೇಡಿ" ಅಂದೆ. ಆಯಮ್ಮ ಬೇಜಾರು ಮಾಡಿಕೊಳ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವಳಮ್ಮ ಇಲ್ಲ ಕಣವ್ವ. ಇವಳು ಅತ್ರೆ ನಂಗೆ ಕೈಕಾಲು ಆಡಲ್ಲ" ಅಂದ್ರು. ಅವರ ಕಣ್ಣೂ ತುಂಬಿತ್ತು. ಬ್ಯಾಗಿಂದ ಟವೆಲ್ ತೆಗೆದು ಹುಡುಗಿ ಕೈಗೆ ಕೊಟ್ಟರು. ಅವಳು ಸೋಲದೇವನಹಳ್ಳಿಯಿಂದ ಯಶವಂತಪುರದವರೆಗೂ ಅತ್ಲು. ಕಿಟಕಿ ಪಕ್ಕದ ಹಿರಿಯರು ಏನೂ ಹೇಳಲಿಲ್ಲ.

ನನ್ನ ಚೆಕಪ್ ಚೆನ್ನಾಗೇ ಆಯ್ತು. ಮ್ಯಾಮೊಗ್ರಾಮ್ ಸರಿ ಇದೆ, ಇನ್ನಾರು ತಿಂಗಳಿಗೆ ಬನ್ನಿ ಅಂದ್ರು.

ಈಗ ಹತ್ತು ನಿಮಿಷದ ಹಿಂದೆ ಆ ಹುಡುಗಿ ಮೆಸೇಜ್ ಮಾಡಿದ್ಲು. "ಅಕ್ಕಾ ಮನೆಗೆ ಬಂದ್ವಿ. ವಾಂತಿ ಇನ್ನೂ ಶುರುವಾಗಿಲ್ಲ. ಚಿಕ್ಕಮ್ಮ ಥರ್ಮಾಮೀಟರ್ ತಂದ್ರು. ಮಲಗಿದ್ದೀನಿ, ಅಳು ಬರ್ತಿದೆ."

"ಅಳು. ನಾನಿನ್ನೂ ಎದ್ದಿದ್ದೀನಿ" ಅಂತ ಬರೆದೆ.