ಇಲ್ಲದ ಡಿಸ್ಕಿಗೆ ಫಾರ್ಮ್ಯಾಟ್ ಭಾಗ್ಯ

ಕೊಡಗಿನಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ರಿಪೇರಿಯವನಿಗಿಂತ ಮೊದಲು ಸಲಹೆ ಬರುತ್ತದೆ. ಅದೂ ಒಂದೇ ಸಲಹೆ: "ಒಂದ್ಸಲ ಫಾರ್ಮ್ಯಾಟ್ ಹೊಡೀರಿ, ಎಲ್ಲ ಸರಿ ಹೋಗುತ್ತೆ." ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡಿ ಎಂದು. ಕಪ್ಪು ಪರದೆಯ ಮೇಲೆ "ಬೂಟ್ ಡಿವೈಸ್ ನಾಟ್ ಫೌಂಡ್" ಎಂಬ ಬಿಳಿ ಅಕ್ಷರ. ನನ್ನ ಹೊಟ್ಟೆಯೊಳಗಿನ ಹಾರ್ಡ್ ಡಿಸ್ಕೇ ನನಗೆ ಕಾಣುತ್ತಿಲ್ಲ ಎಂದು ಯಂತ್ರ ಬಾಯಿಬಿಟ್ಟು ಹೇಳುತ್ತಿದೆ. ಕಾಣದ ಡಿಸ್ಕನ್ನು ಫಾರ್ಮ್ಯಾಟ್ ಹೊಡೆಯುವುದು ಹೇಗೆ ಸ್ವಾಮಿ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನಾದರೂ ಕ್ಷಮಿಸಬಹುದು. ಇದು ಜಾತ್ರೆಯಲ್ಲಿ ಕೂಸು ಕಳೆದುಹೋಗಿದೆ ಅಂತ ಅಳುತ್ತಿರುವವರಿಗೆ "ಅದಕ್ಕೊಂದು ಎಣ್ಣೆಸ್ನಾನ ಮಾಡಿಸಿ" ಅಂದ ಹಾಗೆ.

ಇದೆಲ್ಲ ಆಗುವುದೂ ಹೇಳಿ ಮಾಡಿಸಿದಂತೆ ಕಕ್ಕಡ ಮಾಸದಲ್ಲೇ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಶೂ ಮೇಲೆ ಬೂಸ್ಟು, ಬೆಲ್ಟ್ ಮೇಲೆ ಬೂಸ್ಟು, ಗೋಡೆಗೆ ಒರಗಿದರೆ ನಮ್ಮ ಮೇಲೂ ಬೂಸ್ಟು. ಎಲ್ಲೋ ಒಂದು ಸಿಲ್ವರ್ ಮರ ತಂತಿಯ ಮೇಲೆ ಮಲಗಿ, ಕರೆಂಟು ಹೋಗಿ ನಾಲ್ಕು ದಿನ. ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಅದನ್ನು ಓದುವ ತಲೆ ಗಾಳಿಯ ತೆಳುಪೊರೆಯಲ್ಲಿ ತೇಲುತ್ತದೆ. ಹಾಗಾಗಿ ಗಾಳಿ ವಿರಳವಾದ ಎತ್ತರಕ್ಕೆ ಹೋಗಬಾರದು, ತಯಾರಕರ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ 3,000 ಮೀಟರ್ ಮಿತಿ. ತಡಿಯಂಡಮೋಳ್ ಬೆಟ್ಟದ ತುದಿಗೆ ಹೊತ್ತೊಯ್ದರೂ 1,748 ಮೀಟರೇ, ಆ ಪರೀಕ್ಷೆಯಲ್ಲಿ ಕೊಡಗು ಪಾಸು. ಆದರೆ ಅದೇ ವಿವರಪಟ್ಟಿಯಲ್ಲಿ ತೇವಾಂಶದ ಪಕ್ಕ "ನಾನ್ ಕಂಡೆನ್ಸಿಂಗ್" ಎಂದಿರುತ್ತದೆ, ಹನಿಗಟ್ಟಬಾರದು ಎಂದು. ಹಾಗೆ ಬರೆದವರು ಜುಲೈಯಲ್ಲಿ ಭಾಗಮಂಡಲಕ್ಕೆ ಬಂದವರಲ್ಲ.

"ಡಿಟೆಕ್ಟ್ ಆಗ್ತಿಲ್ಲ" ಎಂಬುದು "ಹೊಟ್ಟೆ ಸರಿಯಿಲ್ಲ" ಎಂದ ಹಾಗೆ. ಹಸಿವೂ ಇರಬಹುದು, ಅಪೆಂಡಿಕ್ಸೂ ಇರಬಹುದು. ಮೊದಲು ಪಕ್ಕದ ಕಿಂಡಿಯಲ್ಲಿ ಯಾರೋ ಮರೆತ ಪೆನ್‌ಡ್ರೈವ್ ಇದೆಯೇ ನೋಡಿ. ವಿಂಡೋಸನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಬೂಟ್ ಸರದಿಯಲ್ಲಿ ಯುಎಸ್‌ಬಿ ಮುಂದಿದ್ದರೆ ಕೆಲವು ಯಂತ್ರಗಳು ಮಗಳ ಮದುವೆಯ ವಿಡಿಯೋದೊಳಗೆ ವಿಂಡೋಸ್ ಹುಡುಕುತ್ತ ಅಲ್ಲೇ ನಿಂತುಬಿಡುತ್ತವೆ. ಅದಿಲ್ಲವಾದರೆ ವಿಂಡೋಸಿಗೂ ಮೊದಲು ಏಳುವ ಬಯೋಸ್ ಎಂಬ ಒಳವ್ಯವಸ್ಥೆ ಹೊಕ್ಕು ನೋಡಬೇಕು. ಡೆಲ್, ಏಸರ್, ಆಸುಸ್‌ಗಳಲ್ಲಿ ಸಾಮಾನ್ಯವಾಗಿ ಎಫ್2. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್10. ಲೆನೊವೊದಲ್ಲಿ ಎಫ್1 ಅಥವಾ ಎಫ್2, ಕೆಲವದಕ್ಕೆ ಪಕ್ಕದಲ್ಲಿ ಸೂಜಿಮೊನೆಯಿಂದ ಒತ್ತುವ ತೂತು ಬೇರೆ. ಲೋಗೋ ಮಿಂಚಿ ಮಾಯವಾಗುವ ಆ ಒಂದೆರಡು ಸೆಕೆಂಡಿನಲ್ಲೇ ಒತ್ತಬೇಕು. ಪುತ್ತರಿಗೆ ಕದಿರು ತೆಗೆಯುವ ಮುಹೂರ್ತವಾದರೂ ಇಷ್ಟು ಬಿಗಿ ಇರುವುದಿಲ್ಲ.

ಬಯೋಸಿನ ಸ್ಟೋರೇಜ್ ಪುಟದಲ್ಲಿ ಡಿಸ್ಕಿನ ಹೆಸರು, ಗಾತ್ರ ಇದೆಯೋ ಇಲ್ಲವೋ? ಇಡೀ ಚಿಕಿತ್ಸೆ ಕವಲೊಡೆಯುವುದು ಇಲ್ಲಿ. ಹೆಸರಿದ್ದರೆ ಮುಕ್ಕಾಲು ಪಾಲು ಉಸಿರು ಬಿಡಬಹುದು. ಆಗ ಅದೇ ಬಯೋಸಿನಲ್ಲಿ ತಾರೀಕು ನೋಡಿ. ನಾಲ್ಕಾರು ವರ್ಷ ಹಿಂದಕ್ಕೆ ಹೋಗಿದ್ದರೆ ಕಳ್ಳ ಸಿಕ್ಕಿದ: ಬಯೋಸಿನ ಗಡಿಯಾರ, ಸೆಟ್ಟಿಂಗು ಕಾಯುವ ನಾಣ್ಯದಾಕಾರದ ಸಿಮಾಸ್ ಬ್ಯಾಟರಿ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಇದು 3 ವೋಲ್ಟಿನ ಸಿಆರ್2032, ಎರಡು ತಂತಿ ಬೆಸೆದು ಪ್ಲಾಸ್ಟಿಕ್ ಅಂಗಿ ತೊಡಿಸಿರುತ್ತಾರೆ. ಮಾಮೂಲಿ ದಿನಗಳಲ್ಲಿ ದೊಡ್ಡ ಬ್ಯಾಟರಿಯ ನೆರಳಲ್ಲಿ ಆರಾಮಾಗಿರುತ್ತದೆ. ನಾಲ್ಕು ದಿನ ಕರೆಂಟಿಲ್ಲದೆ ದೊಡ್ಡದು ಬರಿದಾದಾಗ ಹೊರೆಯೆಲ್ಲ ಈ ಮುದಿ ಬಿಲ್ಲೆಯ ಮೇಲೆ. ಅದೂ ಕೈ ಚೆಲ್ಲಿದರೆ ಬಯೋಸ್ ಮರೆವಿಗೆ ಬಿದ್ದು ಕಾರ್ಖಾನೆಯ ಸೆಟ್ಟಿಂಗಿಗೆ ಮರಳುತ್ತದೆ. ಕೆಲವು ಯಂತ್ರಗಳಲ್ಲಿ ಡಿಸ್ಕಿನೊಡನೆ ಮಾತಾಡುವ ಬಗೆ, ಅಂದರೆ ಸಾಟಾ ಮೋಡ್, ಎಎಚ್‌ಸಿಐ ಇದ್ದದ್ದು ರೇಡ್ ಆಗಬಹುದು, ವಿಂಡೋಸ್ ಎಬ್ಬಿಸುವ ಬಗೆ ಯುಇಎಫ್‌ಐ ಇದ್ದದ್ದು ಲೆಗಸಿ ಆಗಬಹುದು. ವಿಂಡೋಸ್ ಹಿತ್ತಲ ಬಾಗಿಲಲ್ಲಿ ಕಾಯುತ್ತಿದ್ದರೆ ಬಯೋಸ್ ಮುಂಬಾಗಿಲು ತಟ್ಟಿ "ಮನೇಲಿ ಯಾರೂ ಇಲ್ಲ" ಎಂದು ವರದಿ ಒಪ್ಪಿಸುತ್ತದೆ. ಇಲ್ಲವೇ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂಬ ನೀಲಿ ಪರದೆ. ಮೋಡನ್ನು ಮೊದಲಿನಂತೆ ಮಾಡಿ, ಬಿಲ್ಲೆ ಬದಲಿಸಿದರೆ ಮುಗಿಯಿತು.

ಆದರೆ ಅಷ್ಟರಲ್ಲಿ ಫಾರ್ಮ್ಯಾಟ್ ಮಾವ ಬಂದಾಗಿರುತ್ತದೆ.

ಊರಿಗೊಬ್ಬರು ಕಡ್ಡಾಯ, ವಿರಾಜಪೇಟೆಯಂಥ ಊರಿಗೆ ಮೂವರಾದರೂ ಬೇಕು. ಗುರುತು ಸುಲಭ: ಜೀಪಿನ ಕೀಲಿಗೊಂಚಲಿನಲ್ಲೇ ತೂಗುವ ಪೆನ್‌ಡ್ರೈವ್, ಅದರೊಳಗೆ ವಿಂಡೋಸ್. ಇಂಟರ್‌ನೆಟ್ ನಿಧಾನವೇ, ಫಾರ್ಮ್ಯಾಟ್. ಪ್ರಿಂಟರ್ ಮಸುಕಾಗಿ ಹೊಡೆಯುತ್ತಿದೆಯೇ, ಫಾರ್ಮ್ಯಾಟ್. ಕಾಫಿ ಚೆಲ್ಲಿ ಎಂಟರ್ ಕೀ ಅಂಟಿಕೊಂಡಿದೆಯೇ, ಅದಕ್ಕೂ ಫಾರ್ಮ್ಯಾಟ್. ಕಕ್ಕಡ ಹದಿನೆಂಟರ ಮದ್ದು ಸೊಪ್ಪಿನಲ್ಲಿ ಹದಿನೆಂಟು ಔಷಧಿಯ ಗುಣ ಅನ್ನುತ್ತಾರೆ. ಮಾವನ ಪೆನ್‌ಡ್ರೈವಿನಲ್ಲೂ ಹದಿನೆಂಟೂ ರೋಗಕ್ಕೆ ಮದ್ದಿದೆ. ವ್ಯತ್ಯಾಸ ಇಷ್ಟೇ, ಸೊಪ್ಪಿನ ಪಾಯಸ ತಿಂದ ಮರುದಿನ ಮೂತ್ರದ ಬಣ್ಣ ಮಾತ್ರ ತಿರುಗುತ್ತದೆ, ಮಾವ ಬಂದುಹೋದ ಮರುದಿನ ಮನೆಯವರ ಮುಖದ ಬಣ್ಣ.

ಮಾವ ಕೂತರು. ಪೆನ್‌ಡ್ರೈವ್ ಚುಚ್ಚಿದರು. ಎಲ್ಲಿಗೆ ವಿಂಡೋಸ್ ಹಾಕಬೇಕೆಂದು ಕೇಳುವ ಪುಟ ಬಂತು. ಪಟ್ಟಿ ಖಾಲಿ. "ಡ್ರೈವ್ ಸಿಕ್ಕಿಲ್ಲ, ಡ್ರೈವರ್ ಕೊಡಿ" ಎಂದು ಕೆಳಗೆ ಬರೆದಿದೆ. ಈ ಮಾತಿಗೆ ಒಂದು ಅರ್ಥವಿದೆ. ಇಂಟೆಲ್ 11ನೇ ತಲೆಮಾರಿನಿಂದೀಚೆಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆಯ ಹಿಂದೆ ಡಿಸ್ಕ್ ಮರೆಯಾಗಿ ಕೂತಿರುತ್ತದೆ. ಬಯೋಸಿಗೆ ಕಂಡರೂ ವಿಂಡೋಸ್ ಹಾಕುವಾಗ ಕಾಣುವುದಿಲ್ಲ. ತಯಾರಕರ ತಾಣದಿಂದ ಡಿಸ್ಕನ್ನು ಗುರುತಿಸುವ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ತಂತ್ರಾಂಶ ಇಳಿಸಿ, ಪೆನ್‌ಡ್ರೈವಿಗೆ ಬಿಚ್ಚಿಟ್ಟು, "ಲೋಡ್ ಡ್ರೈವರ್" ಒತ್ತಿದರೆ ಹಾಜರಾಗುತ್ತದೆ. ಬಯೋಸಿನಲ್ಲಿ ವಿಎಂಡಿ ಆಫ್ ಮಾಡಿದರೂ ಆದೀತು, ಆದರೆ ಈಗಾಗಲೇ ಇರುವ ವಿಂಡೋಸ್ ಆಗ ಏಳದೆ ಹಟ ಹಿಡಿಯುತ್ತದೆ. ಮಾವ ಇದಾವುದನ್ನೂ ಓದುವುದಿಲ್ಲ. ರಿಫ್ರೆಶ್ ಒತ್ತುತ್ತಾರೆ. ಮತ್ತೆ ರಿಫ್ರೆಶ್. ತಂಪಾದ ಕಾಫಿ ಎತ್ತಿ ಒಂದು ಗುಟುಕು, ಮತ್ತೆ ರಿಫ್ರೆಶ್. ಬಾವಿಗೆ ಬಿದ್ದ ಬಿಂದಿಗೆಗೆ ಪಾತಾಳಗರಡಿ ಇಳಿಬಿಟ್ಟವರ ತಾಳ್ಮೆ.

ಆಗ ಮನೆಯವರಲ್ಲಿ ಒಬ್ಬರಿಗೆ, ಪಾಪ, ಒಳ್ಳೆಯ ಬುದ್ಧಿ ಬರುತ್ತದೆ. "ಎಲ್ಲದರ ಕಾಪಿ ಈ ಹೊರಗಿನ ಡಿಸ್ಕಿನಲ್ಲಿದೆ, ಬೇಕಾದರೆ ನೋಡಿ" ಎಂದು ತಂದು ಚುಚ್ಚುತ್ತಾರೆ. ಹದಿನೆಂಟನೇ ರಿಫ್ರೆಶ್. ಪಟ್ಟಿಯಲ್ಲಿ "ಡ್ರೈವ್ 0" ಮೂಡಿತು! "ಬಂತು ನೋಡಿ!" ಮಾವನ ಮುಖ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥ ಉಕ್ಕಿದ್ದನ್ನು ಕಂಡವರಂತೆ ಅರಳುತ್ತದೆ. ಡಿಲೀಟ್. ಇದರಲ್ಲಿರುವುದೆಲ್ಲ ಹೋಗುತ್ತದೆ, ಸರಿಯೇ ಎಂದು ಯಂತ್ರ ಕೇಳುತ್ತದೆ. ಕೊನೆಯ ಪದ ಮೂಡುವ ಮೊದಲೇ ಓಕೆ. ಆಮೇಲೆ ಇನ್‌ಸ್ಟಾಲರ್ ತಣ್ಣಗೆ ತಿಳಿಸುತ್ತದೆ, ಇದು ಯುಎಸ್‌ಬಿ ಡಿಸ್ಕು, ಇಲ್ಲಿ ವಿಂಡೋಸ್ ಹಾಕಲಾಗದು. ಅಸಲು ಕಾಣುತ್ತಿಲ್ಲ, ನಕಲು ಉಳಿದಿಲ್ಲ. "ಏನೋ ವೈರಸ್ ಇದ್ದ ಹಾಗಿದೆ" ಎನ್ನುತ್ತಾರೆ ಮಾವ.

(ಇಂಥ ಹೊತ್ತಿನಲ್ಲಿ ಮಾವನ ಕೈಯನ್ನು ಮೌಸಿನಿಂದ ಎತ್ತಿ ಕಾಫಿ ಲೋಟದ ಮೇಲಿಡಿ. ಅಳಿಸಿದ್ದು ವಿಭಾಗದ ಪಟ್ಟಿಯನ್ನು ಮಾತ್ರ, ಫೈಲುಗಳು ಇದ್ದಲ್ಲೇ ಇರುತ್ತವೆ. ಅದರ ಮೇಲೆ "ನ್ಯೂ", "ಫಾರ್ಮ್ಯಾಟ್" ಒತ್ತದೆ, ಹೊಸದೇನೂ ಬರೆಯದೆ ಇದ್ದರೆ ಟೆಸ್ಟ್‌ಡಿಸ್ಕ್ ಎಂಬ ಪುಕ್ಕಟೆ ತಂತ್ರಾಂಶ ಬಹಳ ಸಲ ಪಟ್ಟಿಯನ್ನು ಮರಳಿ ಕಟ್ಟಿಕೊಡುತ್ತದೆ.)

ಇನ್ನು ಬಯೋಸಿನಲ್ಲೇ ಹೆಸರಿಲ್ಲದ ಪಾಡು. ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ತೆಗೆದು, ಪವರ್ ಬಟನನ್ನು 30 ಸೆಕೆಂಡು ಅದುಮಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಬಸಿದು, ದಾರಿತಪ್ಪಿದ ನಿಯಂತ್ರಕ ಚಿಪ್ಪು ಹೊಸದಾಗಿ ಏಳುತ್ತದೆ. ಮಂತ್ರದಂತೆ ಕಾಣುತ್ತದೆ, ಹಲವು ಸಲ ಫಲಿಸುತ್ತದೆ. ಫಲಿಸದಿದ್ದರೆ ಬೆನ್ನು ಬಿಚ್ಚಬೇಕು. ಬೇಕಾದದ್ದು ಪ್ಲಸ್ ಮೊನೆಯ ಸಣ್ಣ ಪಿಎಚ್0 ಸ್ಕ್ರೂಡ್ರೈವರ್. ಆಯುಧ ಪೂಜಿಸುವ ಕೈಲ್‌ಪೊಳ್ದಿನ ದಿನ ಕೋವಿ, ಒಡಿಕತ್ತಿಯ ಜತೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಇಡಲು ಯೋಗ್ಯವಾದ ಆಯುಧ. ಹತ್ತು ಹನ್ನೆರಡು ಸ್ಕ್ರೂ ಕಾಣುತ್ತವೆ, ಎರಡು ರಬ್ಬರ್ ಪಾದದ ಅಡಿ ಅಡಗಿರುತ್ತವೆ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಸ್ಕ್ರೂಗಳನ್ನು ಅದದೇ ಜಾಗದಲ್ಲಿ ಚುಚ್ಚಿಡಿ, ಯಾಕೆಂದರೆ ಎಲ್ಲದರ ಉದ್ದ ಒಂದೇ ಅಲ್ಲ. ಉದ್ದದ್ದನ್ನು ಗಿಡ್ಡನೆಯ ತೂತಿಗೆ ತಿರುಗಿಸಿದರೆ ಕೀಬೋರ್ಡಿನ ಕಡೆ ಮೊಡವೆ ಏಳುತ್ತದೆ. ಅಂಚಿನ ಕೊಕ್ಕೆ ಬಿಡಿಸಲು ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು, ಕತ್ತಿ ತರಬೇಡಿ.

ಮುಚ್ಚಳ ಎದ್ದೊಡನೆ ಮೊದಲು ಬ್ಯಾಟರಿಯ ಕೊಂಡಿ ಕಳಚಿ. ಆಮೇಲೆ ಒಳಗೆ ಸಂಸಾರ ಹೂಡಿರುವ ಇರುವೆಗಳನ್ನು ಬೀಳ್ಕೊಡಿ; ಮಳೆಗಾಲದಲ್ಲಿ ಅವಕ್ಕೂ ಬೆಚ್ಚನೆಯ ಜಾಗ ಬೇಕಲ್ಲ. ಎರಡೂವರೆ ಇಂಚಿನ ಡಿಸ್ಕಾದರೆ ಒಂದು ತುದಿಯಲ್ಲಿ 7 ಪಿನ್ ದತ್ತಾಂಶಕ್ಕೆ, 15 ಪಿನ್ ವಿದ್ಯುತ್ತಿಗೆ. ಅಲ್ಲಿಂದ ಮದರ್‌ಬೋರ್ಡಿಗೆ ಸಪಾಟಾದ ರಿಬ್ಬನ್ ಕೇಬಲ್. ದೋಷ ಬಹಳ ಸಲ ಈ ಕೇಬಲಿನದೇ, ಡಿಸ್ಕ್ ನಿರಪರಾಧಿ. ತೋಟದ ದಾರಿಯಲ್ಲಿ ಜೀಪಿನ ಸೀಟಿನ ಮೇಲೆ ಕುಣಿದು ಕುಣಿದು ಕೊಂಡಿ ಕೂದಲೆಳೆಯಷ್ಟು ಸಡಿಲವಾದರೂ ಡಿಸ್ಕ್ ನಾಪತ್ತೆ. ಕಿತ್ತು, ಕೊಂಡಿಯ ಚಿಲಕ ಎತ್ತಿ, ನೆಟ್ಟಗೆ ಕೂರಿಸಿ, ಚಿಲಕ ಹಾಕಿ. ಕೊಂಡಿಯ ಲೋಹ ಮಂಕಾಗಿದ್ದರೆ ಒರೆಸಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್ ಆಗುತ್ತದೆಯೇ ಎಂದು ಕೇಳುವವರುಂಟು. ಅದರಲ್ಲಿ ಹೆಚ್ಚಿನದು ನೀರು, ಮಿಕ್ಕಿದ್ದು ಸಕ್ಕರೆ ಮತ್ತು ಅತ್ತಿಗೆಯ ಅಭಿಮಾನ. ಹಿತ್ತಾಳೆ ದೀಪವನ್ನು ಹುಳಿಯಲ್ಲಿ ಬೆಳಗಿದ ಅನುಭವಸ್ಥರು ಕಾಚಂಪುಳಿಯ ಶೀಸೆಯನ್ನೇ ಎತ್ತಿಕೊಂಡು ಬರುತ್ತಾರೆ. ಅದು ಪಂದಿ ಕರಿಗೆ ಇರಲಿ, ಹುಳಿ ತಗುಲಿದ ತಾಮ್ರ ಹಸಿರುಗಟ್ಟಿ ತಿಂಗಳಲ್ಲಿ ತಿಂದುಹೋಗುತ್ತದೆ.

ಇಷ್ಟಾದರೂ ಕಾಣದಿದ್ದರೆ ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಅಡಾಪ್ಟರಿನಲ್ಲಿ ಬೇರೆ ಯಂತ್ರಕ್ಕೆ ಹಾಕಿ, ಕಿವಿಗೊಡಿ. ಟಿಕ್, ಟಿಕ್ ಅಂದರೆ ಎದೆ ಒಡೆದುಕೊಳ್ಳುವ ಮುಂಚೆ ಕಿಂಡಿ ನೋಡಿ. ಡಿಸ್ಕ್ ತಿರುಗಲು ಶುರುಮಾಡುವ ಕ್ಷಣಕ್ಕೆ 5 ವೋಲ್ಟಿನಲ್ಲಿ ಸುಮಾರು 1 ಆಂಪಿಯರ್ ಕೇಳುವುದುಂಟು; ಹಳೆಯ ಯುಎಸ್‌ಬಿ 2 ಕಿಂಡಿಯ ಲೆಕ್ಕ 500 ಮಿಲಿಆಂಪಿಯರ್. ಅದು ಬರೀ ಹಸಿವಿನ ಸದ್ದಿರಬಹುದು. ನೀಲಿ ಕಿಂಡಿಗೆ ಅಥವಾ ಎರಡು ಬಾಲದ ಕೇಬಲಿಗೆ ಬದಲಿಸಿ. ಆಗಲೂ ಟಿಕ್ ಎಂದರೆ ತಲೆ ತನ್ನ ಹಾದಿಯ ಗುರುತು ಸಿಗದೆ ಮತ್ತೆ ಮತ್ತೆ ಹಿಂದಿರುಗುತ್ತಿದೆ ಎಂದರ್ಥ. ಅಲ್ಲಿಗೆ ಆಫ್ ಮಾಡಿ, ಇನ್ನೊಮ್ಮೆ ನೋಡೋಣ ಎಂಬ ಪ್ರತಿ ಸಲವೂ ತಟ್ಟೆ ಗೀಚಬಹುದು. ಸದ್ದಿಲ್ಲದೆ ತಿರುಗಿ, "ಇನಿಶಿಯಲೈಜ್ ಮಾಡಲೇ?" ಎಂದು ವಿಂಡೋಸ್ ವಿನಯದಿಂದ ಕೇಳಿದರೆ ಕ್ಯಾನ್ಸಲ್. ಫ್ರಿಜ್ಜಿನಲ್ಲಿಡಿ ಎಂಬ ಇನ್ನೊಂದು ಪಂಥವಿದೆ. ತಣ್ಣಗಾದ ಡಿಸ್ಕನ್ನು ಕಕ್ಕಡದ ಗಾಳಿಗೆ ತೆಗೆದರೆ ಒಳಗೆ ಉಸಿರಾಟದ ತೂತಿನಿಂದ ಹೊಕ್ಕ ತೇವ ತಟ್ಟೆಯ ಮೇಲೇ ಹನಿಗಟ್ಟೀತು. ಅಕ್ಕಿ ಡಬ್ಬದಲ್ಲಿಟ್ಟರೆ ಅಕ್ಕಿಗೂ ನಷ್ಟ.

ಕೋಪ ಬರುವುದು ಡಿಸ್ಕಿನ ಬೆಲೆಗಲ್ಲ. ತೋಟದ ಮನೆಗಳ ಡಿಸ್ಕಿನಲ್ಲಿ ಮಳೆ ಲೆಕ್ಕ ಇರುತ್ತದೆ. ಬೆಳಿಗ್ಗೆ ಮಳೆಮಾಪಕ ನೋಡಿ, ಇಂಚು ಸೆಂಟುಗಳಲ್ಲಿ ಬರೆದಿಟ್ಟ ಎಕ್ಸೆಲ್ ಹಾಳೆ: ಮಾರ್ಚಿನ ಹೂಮಳೆ ಎಂದು ಬಂತು, ಬೆನ್ನಿಗೆ ಬರಬೇಕಾದ ಮಳೆ ಎಷ್ಟು ದಿನ ಸತಾಯಿಸಿತು, 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಆ ವಾರ ದಿನಕ್ಕೆಷ್ಟು. ಅದಕ್ಕೂ ಹಿಂದಿನದು ಅಜ್ಜಂದಿರ ನೋಟ್‌ಬುಕ್ಕಿನಲ್ಲಿದೆ. ಅಂಚು ಗೆದ್ದಲು ತಿಂದಿದೆ, ಶಾಯಿ ಕಂದಿದೆ, ಒಂದು ಪುಟದ ಮೇಲೆ ಕಾಫಿ ಲೋಟದ ಉಂಗುರ. ಆದರೂ ಕಿಟಕಿಯ ಬೆಳಕಿಗೆ ಹಿಡಿದರೆ ಓದಲು ಬರುತ್ತದೆ. ಕರೆಂಟಿಲ್ಲದ ನಾಲ್ಕನೇ ದಿನವೂ ಬರುತ್ತದೆ.

ಕೊನೆಗೆ ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕು, ಎಸ್‌ಎಸ್‌ಡಿ, ತಂದು ಕೂರಿಸುವುದೇ. ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಜಾಗವಿದ್ದರೆ 22 ಮಿಲಿಮೀಟರ್ ಅಗಲ, 80 ಉದ್ದದ್ದು ಸಾಮಾನ್ಯ. ಆದರೆ ಆ ಜಾಗ ಎನ್‌ವಿಎಂಇ ಬಗೆಯದನ್ನು ಒಪ್ಪುತ್ತದೋ, ಸಾಟಾ ಬಗೆಯದನ್ನು ಮಾತ್ರವೋ ಎಂದು ಕೊಳ್ಳುವ ಮುಂಚೆ ಖಾತ್ರಿ ಮಾಡಿಕೊಳ್ಳಿ. ತಪ್ಪಿದ್ದನ್ನು ತಂದರೆ ಹೊಸ ಡಿಸ್ಕೂ "ಡಿಟೆಕ್ಟ್ ಆಗ್ತಿಲ್ಲ" ಸಂಘಕ್ಕೆ ಸೇರುತ್ತದೆ. ಸರಿಯಾದದ್ದೇ ಬಂತು, ಬಯೋಸಿನಲ್ಲಿ ಹೆಸರು ಮೂಡಿತು, ಪಟ್ಟಿಯಲ್ಲಿ "ಡ್ರೈವ್ 0" ಕಂಡಿತು. ಈಗ ಅದರ ಮೇಲೆ ವಿಂಡೋಸ್ ಹಾಕಬೇಕು. ಹಾಕಲು ಮೊದಲು ಏನು ಮಾಡಬೇಕು?

ಬಾಗಿಲಲ್ಲಿ ಕೊಡೆ ಕೊಡವುತ್ತ ನಿಂತ ಮಾವ ಪರದೆಯ ಕಡೆ ಇಣುಕುತ್ತಾರೆ. "ನೋಡಿ, ಮೊದಲ ದಿನವೇ ಹೇಳಿದ್ದೆ. ಕೊನೆಗೂ ಫಾರ್ಮ್ಯಾಟೇ ಹೊಡೆದ್ರಿ ತಾನೆ?"

ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರ ಕಣ್ಣು ಪಕ್ಕದ ಮೇಜಿನ ಪ್ರಿಂಟರಿನ ಮೇಲೆ, ಕೈ ಕೀಲಿಗೊಂಚಲಿನ ಮೇಲೆ.