ನಡಾ ಗಟ್ಟಿ ಮಾಡ್ಕೊಳ್ರಿ, ರಸ್ತಾ ಹಂಗೇ ಇರ್ಲಿ

ಹೋದ ಬ್ಯಾಸಗ್ಯಾಗ ನಮ್ಮ ಕಲಬುರಗಿ ಒಂದು ಆಫೀಸ್ನಾಗ ಸಿಬ್ಬಂದಿಗಂತ ‘ಒತ್ತಡ ನಿವಾರಣಾ ಶಿಬಿರ’ ಇಟ್ಟಿದ್ರು. ಯಾವ ಆಫೀಸು ಅಂತ ಕೇಳಬ್ಯಾಡ್ರಿ, ನನ್ನ ಫೈಲ್ ಇನ್ನೂ ಅಲ್ಲೇ ಅದ. ಹೊರಗ 43 ಡಿಗ್ರಿ ಬಿಸಲು, ವರಾಂಡದಾಗ ನಾವೊಂದು ಮೂವತ್ತು ಮಂದಿ ಪಾಳಿ ಹಚ್ಚೀವಿ, ಕೌಂಟರ್ ಮಾತ್ರ ಖಾಲಿ, ಯಾಕಂದ್ರ ಸಾಹೇಬ್ರು ಕ್ಲರ್ಕು ಟೈಪಿಸ್ಟು ಎಲ್ಲರೂ ಹಾಲ್‌ನಾಗ ಒತ್ತಡ ಇಳಿಸ್ಕೊಳ್ಲಾಕ ಹೋಗ್ಯಾರ. ಫ್ಯಾನ್ ಅಲ್ಲೇ ತಿರಗ್ಲಾಕತ್ತಿತ್ತು ಅಂತ ನಾನೂ ಹೋಗಿ ಹಿಂದಿನ ಸಾಲಿನಾಗ ಕುಂತೆ. ಬಾಜೂಕ ಆಳಂದ ಕಡಿಂದ ಪಹಣಿ ತಿದ್ದಸ್ಲಾಕ ಬಂದ ಒಬ್ಬ ಕಾಕಾ.

ಮುಂದ ಹೈದ್ರಾಬಾದಿಂದ ಬಂದ ಕೈರೋಪ್ರಾಕ್ಟರ್, ಅಂದ್ರ ಬೆನ್ನಿನ ಮಣಿ ಕೈಲೆ ಒತ್ತಿ ತಿರುವಿ ಬ್ಯಾನಿ ಕಳೀತೀನಿ ಅಂಬವ. ಕೈಯಾಗ ಪ್ಲಾಸ್ಟಿಕ್ ಬೆನ್ನೆಲುಬು, ಶರಣಬಸಪ್ಪನ ಜಾತ್ರ್ಯಾಗ ರಬ್ಬರ್ ಹಾವು ಮಾರೋರಂಗ ಅದನ್ನ ಅಲ್ಲಾಡಿಸ್ಕೊಂತ ಹೇಳ್ದ, ಟೆನ್ಷನ್ ಆದ್ರ ಮೈ ಬಿಗಿತದ, ಭುಜ ಕಿವಿ ತನಕ ಏರ್ತದ, ಬೆನ್ನಿನ ಮಣಿ ಜಾಮ್ ಆಗ್ತಾವ, ನರದ ಸುದ್ದಿ ಮೈಗಿ ಮುಟ್ಟಂಗಿಲ್ಲ, ಆಗ ತಡಕೊಳ್ಳೋ ತಾಕತ್ತು ಹೋಗ್ತದ, ಒಂದೀಟು ಕಟಕ್ ಅನಿಸಿದ್ರ ಎಲ್ಲಾ ಸರಿ. ಇದನ್ನೇ ನಮ್ಮ ಕಟಿಂಗ್ ಶಾಪ್‌ನಾವ ಹೇರ್ ಕಟ್ ಆದ ಮ್ಯಾಲ ಎರಡೂ ಕೈಲೆ ಗದ್ದ ಹಿಡದು ಮಾಡ್ತಾನ, ಪುಗ್ಸಟ್ಟಿ. ಆ ಕಟಕ್ ಅಂಬೋದು ಎಲುಬು ಜಾಗಕ್ಕ ಕುಂತ ಸಪ್ಪಳಲ್ರೀ, ಕೀಲಿನ ದ್ರವದಾಗಿನ ಗ್ಯಾಸಿನ ಆಟ. ನಡಬ್ಯಾನಿಗಿ ಖರೇನೇ ಅಷ್ಟಿಷ್ಟು ಆರಾಮ ಕೊಡ್ತದ, ಇಲ್ಲ ಅನ್ನಂಗಿಲ್ಲ. ಆದ್ರ ಕುತ್ತಿಗಿ ಜೋರಾಗಿ ತಿರುವಿದಾಗ ಅಪರೂಪಕ್ಕ ರಕ್ತನಾಳ ಹರದು ಸ್ಟ್ರೋಕ್ ಆದದ್ದೂ ಅದ, ಅದರ ಸ್ಲೈಡ್ ಮಾತ್ರ ಬರಲೇ ಇಲ್ಲ.

ಟೆನ್ಷನ್ ಮೈ ತಿಂತದ ಅಂಬೋದು ಸುಳ್ಳಲ್ಲ. 1936ರಾಗ ಹ್ಯಾನ್ಸ್ ಸೆಲ್ಯೆ ಅಂಬ ವಿಜ್ಞಾನಿ ಇಲಿಗಿ ನಾನಾ ತ್ರಾಸ ಕೊಟ್ಟು ನೋಡಿ ಮೂರು ಹಂತ ಹೇಳ್ದ. ಮೊದಲು ಗಾಬರಿ, ಆಮ್ಯಾಲ ತಡಕೊಳ್ಳೋದು, ಕಡೀಕ ಸುಸ್ತಾಗಿ ಬೀಳೋದು. ಪಾಪ ಇಲಿ ಯಾಕ ಬೇಕಿತ್ರೀ, ಈ ವರಾಂಡಕ್ಕ ಬಂದಿದ್ರ ಮೂರೂ ಹಂತ ಒಂದೇ ಪಾಳ್ಯಾಗ ಸಿಗ್ತಿದ್ವು. ‘ಸರ್ವರ್ ಡೌನ್ ಅದ, ನಾಳಿ ಬರ್ರಿ’ ಅಂದಾಗ ಎದಿ ಧಡಧಡ ಅಂತದಲ್ಲ, ಅದು ಮೊದಲನೇದು. ಎರಡನೇದ್ರಾಗ ಮನಿಷ್ಯಾ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟಗೊಂಡು ದಿನಾ ಬರ್ತಾನ, ವಾಚ್‌ಮನ್‌ಗಿ ಮಾಮಾ ಅಂತಾನ, ಯಾವ ಕ್ಲರ್ಕ್ ಎಷ್ಟಕ್ಕ ಚಾಕ್ಕ ಹೋಗ್ತಾನ ಅಂತ ಬಾಯಿಪಾಠ ಹೇಳ್ತಾನ. ಮೂರನೇ ಹಂತದೋರು ಗ್ವಾಡಿಗಿ ಬೆನ್ನ ಹಚ್ಚಿ ಕುಂತಿದ್ರು, ಏನೂ ಕೇಳ್ತಿರ್ಲಿಲ್ಲ.

ಇಂಥಾವರಿಗಿ ಬಿಟ್ಟು ಶಿಬಿರ ಯಾರಿಗಿ, ಫೈಲಿನ ಮ್ಯಾಲ ಕುಂತು ಕುಂತು ನಡಾ ಹಿಡದೋರಿಗಿ! ಎದುರಿನ ಬ್ಯಾನರ್ ಮ್ಯಾಲ ‘ದೇಹವನ್ನು ಒತ್ತಡಕ್ಕೆ ಹೊಂದಿಸಿಕೊಳ್ಳಿ’ ಅಂತ ಬರದಿತ್ತು. ನನಗ ಸಿಟ್ಟು ಬಂದದ್ದು ಅಲ್ಲೇ. ತಗ್ಗು ಮುಚ್ಚಬ್ಯಾಡ್ರಿ ನಡಾ ಗಟ್ಟಿ ಮಾಡ್ಕೊಳ್ರಿ, ಕರೆಂಟ್ ಹೋದ್ರ ಉಸರು ಉದ್ದ ಎಳಕೊಳ್ರಿ, ನೀರು ಬರಲಿಲ್ಲಂದ್ರ ಪಾಸಿಟಿವ್ ಇರ್ರಿ ಅಂದಂಗಾತು. ರಿಂಗ್ ರೋಡ್ ಮ್ಯಾಲ ಬೈಕ್ ತಗೊಂಡು ಬರೋದ್ರಾಗ ನನ್ನ ಬೆನ್ನಿನ ಮಣಿ ಒಂದೂ ಬಿಡದಂಗ ಅಡ್ಜಸ್ಟ್ ಆಗ್ಯಾವ, ಆದ್ರೂ ನರದ ಸುದ್ದಿ ಮುಟ್ಟಬೇಕಾದವರಿಗಿ ಮುಟ್ಟಿಲ್ಲ.

ಕಡೀಕ ಡಾಕ್ಟರ್ ತಮ್ಮ ವಿದ್ಯಾದ ಹುಟ್ಟಿನ ಕಥಿ ತೆಗದ್ರು. 1895, ಅಮೆರಿಕಾದ ಡೇವನ್‌ಪೋರ್ಟ್ ಊರು, ಡಿ.ಡಿ. ಪಾಮರ್ ಅಂಬವ ಬಿಲ್ಡಿಂಗ್ ಕಸ ಹೊಡಿಯೋ ಹಾರ್ವೆ ಲಿಲ್ಲಾರ್ಡ್ ಅಂಬವನ ಬೆನ್ನಿನ ಮಣಿ ಒತ್ತಿದ್ನಂತ, ವರ್ಷಗಟ್ಟಲೆ ಮಂದ ಇದ್ದ ಕಿವಿ ಕೇಳಿಸ್ಲಾಕತ್ತಿತಂತ. ಕಿವಿ ನರ ಬೆನ್ನಾಗ ಇಳಿಯಂಗೇ ಇಲ್ಲ, ಸೀದಾ ಮಿದುಳಿಗಿ ಹೋಗ್ತದ, ಆದ್ರ ಚಪ್ಪಾಳಿ ಜೋರ್ ಬಿತ್ತು. ತೂಕಡಿಸ್ಕೊಂತ ಕುಂತಿದ್ದ ಕಾಕಾಗ ಈಗ ಎಚ್ಚರಾತು. ಟಾವೆಲ್ ಹೆಗಲಿಗಿ ಹಾಕ್ಕೊಂಡು ಎದ್ದು ನಿಂತ.

‘ಡಾಕ್ಟ್ರೇ, ಬೆನ್ನಾಗ ಗುದ್ದಿದ್ರ ಕಿವುಡಗ ಕೇಳಸ್ತದ ಅಂದ್ರಿ?’

‘ಹಾಂ, ಹಂಗಂತ ಚರಿತ್ರೆ ಅದ.’

ಕಾಕಾ ಮುಂದಿನ ಸಾಲಿನ ಸೋಫಾದಾಗ ಕುಂತ ಸಾಹೇಬ್ರ ಬೆನ್ನ ಕಡಿ ನೋಡಿದ. ‘ಎಲ್ಲಿ ಗುದ್ದಬೇಕು, ಜರಾ ಜಾಗ ತೋರಸ್ರಿ.’