ಒಂದೇ ಲೈನು, ನಾಲ್ಕು ಮನೆ

ಹಾಸನದ ಸಾಲಗಾಮೆ ರಸ್ತೆಯ ನಮ್ಮ ವಠಾರದಲ್ಲಿ ನಾಲ್ಕು ಮನೆಗೆ ಒಂದೇ ಇಂಟರ್ನೆಟ್ ಲೈನು. ದುಡ್ಡು ಸಮ ಹಂಚಿಕೊಳ್ಳುತ್ತೇವೆ. ಆದರೆ ಪಕ್ಕದ ಮನೆ ಹುಡುಗ ಟೊರೆಂಟ್‌ನಲ್ಲಿ ದೊಡ್ಡ ಫೈಲ್ ಇಳಿಸಲು ಹಾಕಿದರೆ ಸಾಕು, ಉಳಿದವರ ಕಥೆ ಮುಗಿಯಿತು. ಮೊನ್ನೆ ಮಗಳ ಆನ್‌ಲೈನ್ ವೈವಾ ಮಧ್ಯದಲ್ಲೇ ನಿಂತುಹೋಯಿತು. ಅವಳು ಅತ್ತಿದ್ದು ನೋಡಿ ಹೊಟ್ಟೆ ಉರಿಯಿತು.

ಪ್ಲಾನ್ ಜಾಸ್ತಿ ಮಾಡಿಸಿ ಅಂತಾರೆ ಎಲ್ಲರೂ. ಸುಮ್ನೆ ದುಡ್ಡು ದಂಡ. ರೂಟರ್ ಎಲ್ಲರ ಪ್ಯಾಕೆಟ್‌ಗಳನ್ನೂ (ಡೇಟಾದ ಸಣ್ಣ ತುಂಡುಗಳನ್ನು) ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಅವನ ಸಾವಿರದ ಹಿಂದೆ ನನ್ನ ಒಂದು ಕಾಯಲೇಬೇಕು. ಮದುವೆ ಊಟದಲ್ಲಿ ಪ್ರತಿ ಎಲೆಗೂ ಒಂದೊಂದು ಸುತ್ತು ಬಡಿಸುತ್ತಾರಲ್ವಾ, ಹಾಗೆ ಹಂಚಬೇಕು.

ಮದ್ದು ಇಲ್ಲದ ರೋಗವೇನೂ ಅಲ್ಲ. 2012ರಲ್ಲೇ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಎಂಬ ನೆಟ್‌ವರ್ಕ್ ತಜ್ಞರು ಈ ಸಾಲು ಬೆಳೆಯದಂತೆ ನೋಡಿಕೊಳ್ಳುವ ಕೋಡೆಲ್ ಎಂಬ ವಿಧಾನ ತಂದರು. ಸಾಲಿನಲ್ಲಿ ಕಾಯುವ ಹೊತ್ತು 5 ಮಿಲಿಸೆಕೆಂಡಿನ ಮೇಲೆಯೇ ಉಳಿದರೆ ಅದು ಪ್ಯಾಕೆಟ್ ಬೀಳಿಸುತ್ತದೆ. ಅದು ಗೊತ್ತಾಗಿ ಕಳಿಸುವ ಕಂಪ್ಯೂಟರ್ ನಿಧಾನಿಸುತ್ತದೆ. 2018ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ 4.19 ಆವೃತ್ತಿಗೆ ಇಂಥದೇ ಸಾಲು ನಿಭಾಯಿಸುವ ಕೇಕ್ ಎಂಬ ತಂತ್ರಾಂಶ ಸೇರಿತು. ಒಬ್ಬ ಐವತ್ತು ಕನೆಕ್ಷನ್ ತೆರೆದರೂ ಅವನ ಕಂಪ್ಯೂಟರಿಗೆ ಒಂದೇ ಪಾಲು ಕೊಡುವಂತೆ ಅದನ್ನು ಹೊಂದಿಸಬಹುದು.

ಲೈನ್ ಹಾಕಿದವರು ಕೊಟ್ಟ ಡಬ್ಬಿಯಲ್ಲಿ ಇದ್ಯಾವುದೂ ಇಲ್ಲ. ಕೇಳಿದರೆ, "ಆಫ್ ಮಾಡಿ ಆನ್ ಮಾಡಿ ಸಾರ್" ಅಂದರು.